ಅಡಕೆ ತೋಟದ ನಡುವೆ ಒಂದು ನಾಟಕ ಕಂಪನಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಒಂದೇ ಸುತ್ತಿನಲ್ಲಿ ನೋಡಿ ಬರಬೇಕೆಂದು ಹೊರಡುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಜೋಗ, ಇಕ್ಕೇರಿ, ಕೆಳದಿ, ಬಿದನೂರು ನಗರದ ಕೋಟೆ, ಕೊಡಚಾದ್ರಿ, ಹೊಂಬುಜ, ಕುಪ್ಪಳಿ, ಆಗುಂಬೆಯ ಸೂರ್ಯಾಸ್ತ. ಎರಡು ದಿನದಲ್ಲಿ ಇಷ್ಟನ್ನೂ ಮುಗಿಸಿ, ಸಾಗರದ ಪೇಟೆಯಲ್ಲಿ ಗುಡಿಗಾರರು ಕೆತ್ತಿದ ಒಂದು ಗಂಧದ ಗಣಪತಿಯನ್ನು ಕೊಂಡು ಊರಿಗೆ ಮರಳುತ್ತಾರೆ. ಈ ಪಟ್ಟಿಯಲ್ಲಿ ಹೆಗ್ಗೋಡು ಇರುವುದು ಅಪರೂಪ. ಇರದಿದ್ದರೆ ಆಶ್ಚರ್ಯವೂ ಇಲ್ಲ. ಅಲ್ಲಿ ಜಲಪಾತವಿಲ್ಲ, ಕೋಟೆಯಿಲ್ಲ, ಬೆಟ್ಟದ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗವೂ ಇಲ್ಲ. ಸಾಗರದಿಂದ ಹೊಸನಗರದ ಕಡೆಗೆ ಹೊರಟರೆ ಭೀಮನಕೋಣೆ ದಾಟಿ, ಏಳೆಂಟು ಕಿಲೋಮೀಟರಿನಲ್ಲಿ ಸಿಗುವ ಊರು. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಕಾಣುವುದು ನಾಲ್ಕು ಅಂಗಡಿ, ಒಂದಿಷ್ಟು ಹೆಂಚಿನ ಮನೆ, ಅದರ ಹಿಂದೆ ಇಳಿಜಾರಿನಲ್ಲಿ ಅಡಕೆ ತೋಟ. ಮಲೆನಾಡಿನಲ್ಲಿ ಇಂಥ ನೂರು ಊರುಗಳಿವೆ.

ಆದರೆ ಈ ಊರಿನಲ್ಲಿ ಬ್ರೆಕ್ಟ್, ಶೇಕ್ಸ್‌ಪಿಯರ್, ಕಾಳಿದಾಸರ ಹೆಸರುಗಳನ್ನು ಯಾರಾದರೂ ಹೇಳಿದರೆ ಚಹಾದಂಗಡಿಯಲ್ಲಿ ಕುಳಿತವರು ತಲೆಯೆತ್ತಿ ನೋಡುವುದಿಲ್ಲ, ಕೇಳಿ ಅಭ್ಯಾಸವಾಗಿದೆ. ಇಲ್ಲಿನ ಜನ ಕುರೊಸಾವನ ಸಿನಿಮಾ ನೋಡಿದ್ದಾರೆ, ಸತ್ಯಜಿತ್ ರಾಯ್‌ರ ಸಿನಿಮಾ ನೋಡಿ ಚರ್ಚೆ ಮಾಡಿದ್ದಾರೆ. ಮಧ್ಯಾಹ್ನ ತೋಟದಲ್ಲಿ ಮಣ್ಣು ಹಾಕಿಸಿ ಸಂಜೆ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತವರೂ ಇದ್ದಾರೆ. ಇದಕ್ಕೆಲ್ಲ ಕಾರಣರಾದವರು ಕೆ.ವಿ. ಸುಬ್ಬಣ್ಣ. ಅವರು ಕಟ್ಟಿ ಬೆಳೆಸಿದ ಸಂಸ್ಥೆ ನೀನಾಸಮ್.

ಸುಬ್ಬಣ್ಣನವರನ್ನು ಕನ್ನಡ ನಾಡು ನೆನೆಯುವುದು ಚಿಂತಕರೆಂದು, ಲೇಖಕರೆಂದು, ಪ್ರಕಾಶಕರೆಂದು. ಅವೆಲ್ಲ ನಿಜವೇ. ಆದರೆ ಅವರ ಬದುಕನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಟಿಕೆಟ್ಟು ಹರಿದು ಜನರನ್ನು ಒಳಗೆ ಬಿಟ್ಟು, ಪರದೆ ಎಳೆದು, ನಟರಿಗೆ ಸಂಬಳ ಕೊಟ್ಟು, ಸಾಮಾನು ಲಾರಿಗೆ ತುಂಬಿ ಮುಂದಿನ ಊರಿಗೆ ಕಳಿಸುವ ಒಂದು ಕಸುಬಿದೆಯಲ್ಲ, ಅದನ್ನು ಅರಿತವರಲ್ಲಿ ಅವರೂ ಒಬ್ಬರು. ಉದ್ಯಮಿ ಎಂಬ ಮಾತನ್ನು ಅವರಿಗೆ ಹಚ್ಚಿದರೆ ಕೆಲವರು ಹುಬ್ಬು ಗಂಟಿಕ್ಕಬಹುದು. ಲಾಭ ತೆಗೆಯುವವನೇ ಉದ್ಯಮಿ ಎಂದಾದರೆ ಆ ಮಾತು ಇಲ್ಲಿ ಸಲ್ಲದು. ಇಲ್ಲದ ಪ್ರೇಕ್ಷಕರನ್ನು ಹುಟ್ಟಿಸಿ, ಅವರಿಗಾಗಿ ಒಂದು ವ್ಯವಸ್ಥೆಯನ್ನು ನಿಲ್ಲಿಸಿ, ತಾನು ಹೋದ ಮೇಲೂ ಅದು ನಡೆಯುವಂತೆ ಮಾಡಿದವನು ಎಂಬ ಅರ್ಥದಲ್ಲಿ ಹೇಳುವುದಾದರೆ, ಮಲೆನಾಡು ಕಂಡ ದೊಡ್ಡ ಉದ್ಯಮಿಗಳಲ್ಲಿ ಅವರನ್ನು ಎಣಿಸಬೇಕು.

ಆಟ, ಡೇರೆ, ಮೊಕ್ಕಾಂ

ಸುಬ್ಬಣ್ಣನವರಿಗಿಂತ ಮೊದಲು ಇಲ್ಲಿ ಮನರಂಜನೆ ಇರಲಿಲ್ಲವೆಂದಲ್ಲ. ಮಲೆನಾಡಿನ ವರ್ಷ ಎರಡೇ ಭಾಗ: ಮಳೆಗಾಲ ಮತ್ತು ಉಳಿದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ನಗರ, ಹುಲಿಕಲ್ ಸೀಮೆಗಳಲ್ಲಿ ಸುರಿಯುವ ಮಳೆಗೆ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಆಟಪಾಟವೆಲ್ಲ ದೀಪಾವಳಿ ಕಳೆದ ಮೇಲೆ. ಆಗ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಬಾಳೆಬರೆ ಘಾಟಿ ಹತ್ತಿ ಹೊಸನಗರಕ್ಕೂ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೂ ಬರುತ್ತಿದ್ದವು, ಈಗಲೂ ಬರುತ್ತವೆ. ಗದ್ದೆ ಕೊಯ್ದ ಬಯಲಿನಲ್ಲಿ ಹರಕೆಯ ಆಟಗಳಾದರೆ ನೋಡುವುದಕ್ಕೆ ದುಡ್ಡಿಲ್ಲ. ಡೇರೆ ಮೇಳವಾದರೆ ಟಿಕೆಟ್ಟು. ಡೇರೆ ಮೇಳದ ಲೆಕ್ಕಾಚಾರವನ್ನು ವಿದ್ಯಾರ್ಥಿಗಳು ಒಮ್ಮೆ ಗಮನಿಸಬೇಕು. ಊರಿನ ಒಬ್ಬನೋ ನಾಲ್ವರು ಸೇರಿಯೋ ಒಂದು ರಾತ್ರಿಗೆ ಇಷ್ಟೆಂದು ಮೇಳಕ್ಕೆ ದುಡ್ಡು ಮುಟ್ಟಿಸಿ ಆಟವನ್ನು ಕಾಂಟ್ರಾಕ್ಟ್ ಹಿಡಿಯುತ್ತಾರೆ. ಜನ ಸೇರಿದರೆ ಉಳಿಕೆ ಅವರಿಗೆ; ಸಂಜೆ ಹೊತ್ತಿಗೆ ಅಕಾಲದ ಮಳೆ ಬಂದರೆ ನಷ್ಟವೂ ಅವರದೇ. ಮೇಳ ಮಾತ್ರ ಬೆಳಗಾಗುವಷ್ಟರಲ್ಲಿ ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ಹೊರಟಿರುತ್ತದೆ. ಕಲಾವಿದನಿಗೆ ವರ್ಷಕ್ಕಿಷ್ಟು ಎಂಬ ಖಾತ್ರಿ, ಊರಿನವನಿಗೆ ಒಂದು ರಾತ್ರಿಯ ಜೂಜು. ಪುಸ್ತಕದಲ್ಲಿ ವಾಣಿಜ್ಯಶಾಸ್ತ್ರ ಓದುವ ಹುಡುಗರು ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಇನ್ನೊಂದು, ವೃತ್ತಿ ನಾಟಕ ಕಂಪನಿಗಳು. ಇವು ಒಂದು ಊರಿನಲ್ಲಿ ಮೊಕ್ಕಾಂ ಹೂಡಿ, ತಗಡಿನ ಥಿಯೇಟರು ಕಟ್ಟಿ, ಜನ ಬರುವಷ್ಟು ದಿನ ಅಲ್ಲೇ ಇದ್ದು ಆಮೇಲೆ ಹೊರಡುವಂಥವು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಇಂಥ ಕಂಪನಿಗಳು, ಸರ್ಕಸ್ಸು, ತೊಟ್ಟಿಲು ಎಲ್ಲ ಬಂದು ನೆರೆಯುತ್ತವೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ ಇದೆ. ತುಂಗೆಯ ದಡದಲ್ಲಿ ರಾಮೇಶ್ವರನ ತೆಪ್ಪೋತ್ಸವ ನೋಡಲು ಬಂದ ಜನ ನಾಟಕವನ್ನೂ ನೋಡಿಯೇ ಮನೆಗೆ ಹೋಗುವ ಕಾಲವಿತ್ತು.

ಕಂಪನಿ ನಾಟಕ ಎಂದೊಡನೆ ಗುಬ್ಬಿ ವೀರಣ್ಣನವರ ಹೆಸರು ಬರಬೇಕು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿಯನ್ನು ಸೇರಿ, ಬೆಳೆಸಿ, ಅದರ ಒಡೆಯರಾಗಿ, ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಸಿನಿಮಾ ಬಂದು ನಾಟಕದ ಪ್ರೇಕ್ಷಕರನ್ನು ಕಸಿದುಕೊಳ್ಳುತ್ತದೆಂದು ಕಂಡೊಡನೆ ತಾವೇ ಸಿನಿಮಾಕ್ಕೂ ಕೈಹಾಕಿದರು. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ ಅವರ ಬಳಗದ ಚಿತ್ರ. ವೀರಣ್ಣ 1972ರಲ್ಲಿ ತೀರಿಕೊಂಡರು. ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದು ನಿಂತದ್ದೂ ಅದೇ 1972ರಲ್ಲಿ. ಇದು ಬರಿಯ ಕಾಕತಾಳೀಯ. ಆದರೆ ಕನ್ನಡ ರಂಗಭೂಮಿಯ ಒಂದು ಬಗೆಯ ಯಜಮಾನಿಕೆ ಮುಗಿಯುತ್ತ ಬಂದು ಇನ್ನೊಂದು ಬಗೆ ಶುರುವಾದ ಕಾಲ ಅದು ಎಂದು ನೆನಪಿಡಲು ಈ ಇಸವಿ ಸಾಕು.

ಮುಂಡಿಗೇಸರದ ಹುಡುಗ

ಕುಂಟಗೋಡು ವಿಭೂತಿ ಸುಬ್ಬಣ್ಣ ಹುಟ್ಟಿದ್ದು 1932ರ ಫೆಬ್ರುವರಿ 20ರಂದು, ಹೆಗ್ಗೋಡಿನ ಪಕ್ಕದ ಮುಂಡಿಗೇಸರದಲ್ಲಿ, ಅಡಕೆ ಬೆಳೆಗಾರರ ಮನೆಯಲ್ಲಿ. ಊರಿನ ಉತ್ಸಾಹಿಗಳು ಸೇರಿ ಊರ ದೇವರಾದ ನೀಲಕಂಠೇಶ್ವರನ ಹೆಸರಿನಲ್ಲಿ ಒಂದು ನಾಟ್ಯಸೇವಾ ಸಂಘ ಕಟ್ಟಿದ್ದು 1949ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ವರ್ಷ. ನಾಡಿನ ಹಳ್ಳಿಹಳ್ಳಿಗಳಲ್ಲೂ ಇಂಥ ಸಂಘಗಳು ಹುಟ್ಟುತ್ತಿದ್ದ ದಿನಗಳು. ಬಹುಪಾಲು ಸಂಘಗಳು ಎರಡು ನಾಟಕ ಆಡಿ, ಪಾತ್ರ ಹಂಚಿಕೆಯಲ್ಲಿ ಜಗಳವಾಗಿ, ಮೂರನೆಯ ವರ್ಷ ಮಲಗಿದವು. ಹೆಗ್ಗೋಡಿನದು ಮಲಗಲಿಲ್ಲ. ‘ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ’ ಎಂಬ ಉದ್ದದ ಹೆಸರು ಚಿಕ್ಕದಾಗಿ ನೀನಾಸಮ್ ಆಯಿತು.

ಸುಬ್ಬಣ್ಣ ಓದಲು ಹೋದದ್ದು ಮೈಸೂರಿನ ಮಹಾರಾಜಾ ಕಾಲೇಜಿಗೆ. ಅಲ್ಲಿ ಅವರಿಗೆ ಗುರುಗಳಾಗಿ ಸಿಕ್ಕವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು. ಒಂದೇ ಮಲೆನಾಡಿನ ಎರಡು ಮೂಲೆಯವರು ಮೈಸೂರಿನ ತರಗತಿಯಲ್ಲಿ ಎದುರುಬದುರಾದದ್ದು ಹೀಗೆ. ಡಿಗ್ರಿ ಕೈಗೆ ಬಂದ ಮೇಲೆ ಆ ಕಾಲದ ಯಾವ ತಂದೆಯೂ ಮಗನಿಂದ ನಿರೀಕ್ಷಿಸುತ್ತಿದ್ದುದು ನೌಕರಿ. ಸುಬ್ಬಣ್ಣ ಊರಿಗೆ ಮರಳಿ ತೋಟ ನೋಡಿಕೊಳ್ಳಲು ನಿಂತರು. ತೋಟದ ಜತೆಗೇ 1950ರ ದಶಕದಲ್ಲಿ ಅಕ್ಷರ ಪ್ರಕಾಶನವನ್ನೂ ಆರಂಭಿಸಿದರು. ಅಂಚೆ ತಲುಪುವುದೇ ಸಾಹಸವಾಗಿದ್ದ ಹಳ್ಳಿಯಿಂದ ಪುಸ್ತಕ ಪ್ರಕಟಿಸುತ್ತೇನೆಂದು ಹೊರಡುವುದಕ್ಕೆ ಧೈರ್ಯ ಬೇಕು. ನೂರಾರು ಪುಸ್ತಕಗಳನ್ನು ತಂದ ಮೇಲೂ ಅದು ಹಳ್ಳಿಯಲ್ಲೇ ಉಳಿದದ್ದಕ್ಕೆ ಹಟವೂ ಬೇಕು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯನ್ನು ಹೊರತಂದದ್ದು ಇದೇ ಪ್ರಕಾಶನ. ಅಡಿಗರು 1960ರ ದಶಕದಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ತಾಲ್ಲೂಕು ಕೇಂದ್ರವೊಂದರ ಕಾಲೇಜಿಗೆ ಅಂಥ ಕವಿ ಬಂದು ಕೂತದ್ದು ಊರಿನ ಗಾಳಿಯನ್ನೇ ಬದಲಿಸುವ ಸಂಗತಿ.

ಗಾಳಿಯ ಮಾತು ಬಂತು. ಈ ಮೂರು ತಾಲ್ಲೂಕುಗಳ ಗಾಳಿಯಲ್ಲಿ ಆಗ ರಾಜಕೀಯವೂ ಇತ್ತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಮಾಜವಾದವನ್ನು ಮನೆಮನೆಗೆ ಹೊತ್ತವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ರಾಮಮನೋಹರ ಲೋಹಿಯಾ ಇಲ್ಲಿಯವರೆಗೆ ಬಂದು ಬಂಧನಕ್ಕೊಳಗಾದರು. ಹಳ್ಳಿಯವನೆಂದರೆ ಪಟ್ಟಣದಿಂದ ಬಂದದ್ದನ್ನು ತಲೆಬಾಗಿ ಸ್ವೀಕರಿಸುವವನಲ್ಲ, ಅವನಿಗೂ ಒಂದು ಮಾತಿದೆ ಎಂಬ ತಿಳಿವಳಿಕೆ ಆ ದಿನಗಳದು. ಸುಬ್ಬಣ್ಣನವರ ರಂಗಭೂಮಿಯ ಬೇರು ಇಲ್ಲೇ ಇದೆಯೆಂದು ನನ್ನ ಎಣಿಕೆ. ಜಗತ್ತಿನ ಒಳ್ಳೆಯದೆಲ್ಲ ಬೆಂಗಳೂರಿಗೇ ಏಕೆ ಹೋಗಬೇಕು, ಹೆಗ್ಗೋಡಿಗೇಕೆ ಬರಬಾರದು ಎಂದು ಕೇಳುವ ಛಲ ಬರಿಯ ಕಲಾಪ್ರೇಮದಿಂದ ಬರುವಂಥದಲ್ಲ.

ಸಿನಿಮಾ ಮೊದಲೋ ನಾಟಕ ಮೊದಲೋ

ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರಿಟ್ಟಾಗ ಕಾರಂತರು ಇನ್ನೂ ನಮ್ಮ ನಡುವೆ ಓಡಾಡುತ್ತಿದ್ದರು. ಒಂದು ಹಳ್ಳಿಗೆ ಕಾಯಂ ರಂಗಮಂದಿರ ಎಂಬುದು ಆಗ ಊಹಿಸಲೂ ಕಷ್ಟವಾದ ವಿಷಯ. ಮಲೆನಾಡಿನಲ್ಲಿ ನಾಟಕವೆಂದರೆ ಅಂಗಳದಲ್ಲಿ ಅಡಕೆ ದಬ್ಬೆ ಹೊಡೆದು, ಸೋಗೆ ಹೊದಿಸಿ, ಗ್ಯಾಸ್‌ಲೈಟು ತೂಗುಹಾಕಿ ಆಡುವುದು. ಅಂಥಲ್ಲಿ ಗೋಡೆ, ಮಾಡು, ಬೆಳಕಿನ ವ್ಯವಸ್ಥೆ ಇರುವ ಮಂದಿರ ಬಂದರೆ ಅದನ್ನು ವರ್ಷದ ಮುನ್ನೂರು ದಿನ ಖಾಲಿ ಬಿಡುವುದು ಹೇಗೆ? ಕಟ್ಟಡ ಕಟ್ಟುವವರಿಗೆಲ್ಲ ಕಾಡುವ ಪ್ರಶ್ನೆ ಇದು. ನಮ್ಮ ಜಿಲ್ಲಾ ಕೇಂದ್ರಗಳ ಎಷ್ಟೋ ಕಲಾಮಂದಿರಗಳು ಮದುವೆಗೂ ರಾಜಕೀಯ ಸಭೆಗೂ ಬಾಡಿಗೆಗೆ ಹೋಗುತ್ತ ಹೊಟ್ಟೆ ಹೊರೆಯುವುದನ್ನು ಎಲ್ಲರೂ ನೋಡಿದ್ದೇವೆ.

ನೀನಾಸಮ್ ಕಂಡುಕೊಂಡ ದಾರಿ ಬೇರೆ. ರಂಗಮಂದಿರದ ಬೆನ್ನಿಗೇ ನೀನಾಸಮ್ ಚಿತ್ರಸಮಾಜ ಹುಟ್ಟಿತು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದು ತೋರಿಸುವುದು, ತೋರಿಸಿ ಸುಮ್ಮನಾಗದೆ ಅವುಗಳ ಬಗ್ಗೆ ಮಾತಾಡಿಸುವುದು ಅದರ ಕೆಲಸ. ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರಂಥ ಅಧ್ಯಾಪಕರು ಹೆಗ್ಗೋಡಿಗೆ ಬಂದು ಚಿತ್ರರಸಗ್ರಹಣದ ಶಿಬಿರ ನಡೆಸಿದರು. ಇಂಗ್ಲಿಷೇ ಬಾರದ ರೈತನಿಗೆ ಜಪಾನೀ ಸಿನಿಮಾ ತೋರಿಸಿ ಏನು ಪ್ರಯೋಜನ ಎಂದು ನಕ್ಕವರಿದ್ದರು. ಜಪಾನೀ ಭಾಷೆ ಬೆಂಗಳೂರಿನವನಿಗೂ ಬರುವುದಿಲ್ಲ ಎಂಬುದನ್ನು ಅವರು ಮರೆತಿದ್ದರು, ಅಷ್ಟೆ.

ಈ ನೆಲದ ಇನ್ನೊಬ್ಬ ಹುಡುಗನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರಿಗೆ ಸುಬ್ಬಣ್ಣ ಸೋದರಮಾವ. ಟೂರಿಂಗ್ ಟಾಕೀಸಿನ ಸಿನಿಮಾ ನೋಡುತ್ತ ಬೆಳೆದ ಅವರು ಪುಣೆಗೆ ಹೋಗಿ ಕಲಿತು, 1977ರಲ್ಲಿ ತಂದ ‘ಘಟಶ್ರಾದ್ಧ’ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದರ ಮೂಲ ಕತೆ ಅದೇ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿಯವರದು. 2002ರ ‘ದ್ವೀಪ’ಕ್ಕೂ ಸ್ವರ್ಣಕಮಲ ಬಂತು, ಅದು ಸಾಗರದ ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿಗೆ ಮನೆ ತೋಟ ಮುಳುಗಿದವರ ಕತೆ ಅದು. ಲಿಂಗನಮಕ್ಕಿಯ ನೀರು 1964ರಲ್ಲಿ ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯಡಿ ಹೋದವು. ನಾಡಿಗೆಲ್ಲ ಬೆಳಕು ಕೊಟ್ಟವರು ಎದ್ದುಹೋಗಬೇಕಾಯಿತು. ‘ಮುಳುಗಡೆ’ ಎಂಬ ಮಾತು ಈ ಕಡೆ ಇಂದಿಗೂ ಒಂದು ಪಂಗಡದ ಹೆಸರಿನಂತೆ ಬಳಕೆಯಲ್ಲಿದೆ. ಹೊಸನಗರದತ್ತ ಹೋಗುವ ದಾರಿಯಲ್ಲಿ ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಬೋಳು ಮರದ ಬೊಡ್ಡೆಗಳು ಎದ್ದು ಕಾಣುತ್ತವೆ. ನಿಂತು ನೋಡಿ.

ತಿರುಗಾಟದ ಲೆಕ್ಕ

ನೀನಾಸಮ್ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ ಅದರ ಪ್ರಿನ್ಸಿಪಾಲರಾದರು. ಮುಂದೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1983ರಿಂದ ಎರಡು ವರ್ಷ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವುದು, ಸಿನಿಮಾ ತೋರಿಸುವುದು ಅದರ ಕಾರ್ಯಕ್ರಮ. ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿ ಜನರು, ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಸಂತತಿಯವರು, ಚಿನುವಾ ಅಚಿಬೆಯ ಕಾದಂಬರಿಯ ರಂಗರೂಪವನ್ನು ಜಂಬೆಯವರ ನಿರ್ದೇಶನದಲ್ಲಿ ಆಡಿದ್ದು ಆ ದಿನಗಳಲ್ಲಿಯೇ. ಆಫ್ರಿಕಾದ ಕತೆ ಕನ್ನಡದಲ್ಲಿ ಸಿದ್ದಿಗಳ ಬಾಯಲ್ಲಿ! ಇದನ್ನು ಯೋಚಿಸಿದವರ ತಲೆಗೆ ನಮಸ್ಕಾರ ಹೇಳಬೇಕು.

ನೆರವಿನ ಯೋಜನೆಗಳ ಪಾಡು ನಮಗೆಲ್ಲ ಗೊತ್ತು. ಹಣ ಬರುವವರೆಗೆ ಜೀಪು ಓಡಾಡುತ್ತದೆ, ಹಣ ನಿಂತ ಮರುದಿನ ಬೋರ್ಡೂ ಕಾಣುವುದಿಲ್ಲ. ಸುಬ್ಬಣ್ಣನವರೊಳಗಿನ ಸಂಘಟಕ ಎದ್ದು ಕಾಣುವುದು ಇಲ್ಲಿ. ಶಾಲೆಯಲ್ಲಿ ಕಲಿತು ಹೊರಬಂದ ಹುಡುಗರಿಗೆ ಕೆಲಸ ಬೇಕು. ಊರೂರಿನಲ್ಲಿ ನಾಟಕದ ರುಚಿ ಹತ್ತಿದ ಜನರಿಗೆ ನಾಟಕ ಬೇಕು. ಇವೆರಡನ್ನೂ ಜೋಡಿಸಿ 1985ರಲ್ಲಿ ಅವರು ‘ನೀನಾಸಮ್ ತಿರುಗಾಟ’ ಎಂಬ ಸಂಚಾರಿ ತಂಡವನ್ನು ಹೊರಡಿಸಿದರು. ತಿರುಗಾಟ ಎಂಬ ಹೆಸರೇ ಮೇಳದವರದು. ಯಕ್ಷಗಾನದವರು ತಮ್ಮ ಸಂಚಾರದ ಋತುವಿಗೆ ಹೇಳುವ ಮಾತು ಅದು. ಹೆಸರಿನ ಜತೆ ಮೇಳದ ಯುಕ್ತಿಯನ್ನೂ ತೆಗೆದುಕೊಂಡರೆಂದು ನನಗೆ ತೋರುತ್ತದೆ.

ಯುಕ್ತಿ ಹೀಗಿದೆ. ಮಳೆಗಾಲದಲ್ಲಿ, ಹೊರಗೆ ಏನೂ ನಡೆಯದ ತಿಂಗಳುಗಳಲ್ಲಿ, ನಟನಟಿಯರೆಲ್ಲ ಹೆಗ್ಗೋಡಿನಲ್ಲಿ ಒಂದೇ ಕಡೆ ಇದ್ದು ನಾಟಕಗಳನ್ನು ಸಿದ್ಧಪಡಿಸುತ್ತಾರೆ. ಒಂದು ಸಂಸ್ಕೃತದ್ದೋ ಪಾಶ್ಚಾತ್ಯದ್ದೋ ಇದ್ದರೆ ಇನ್ನೊಂದು ಕನ್ನಡದ್ದು. ಬಹಳ ವರ್ಷ ಮೂರು ನಾಟಕಗಳ ಕಟ್ಟು ರೂಢಿಯಲ್ಲಿತ್ತು. ಮಳೆ ನಿಂತು ಅಕ್ಟೋಬರ್ ಬಂತೆಂದರೆ ಮೊದಲ ಪ್ರಯೋಗಗಳು ಹೆಗ್ಗೋಡಿನಲ್ಲೇ. ಅಲ್ಲಿಂದ ನಾಲ್ಕೈದು ತಿಂಗಳು ಕರ್ನಾಟಕದ ಉದ್ದಗಲಕ್ಕೆ. ಸೆಟ್ಟು, ಬೆಳಕು, ಉಡುಪು, ವಾದ್ಯ ಎಲ್ಲ ಜತೆಯಲ್ಲೇ. ಊರಿನ ಸಂಘವೋ ಶಾಲೆಯೋ ಯುವಕ ಮಂಡಲವೋ ಪ್ರಯೋಗಕ್ಕೆ ಇಂತಿಷ್ಟೆಂದು ಕೊಟ್ಟು ಕರೆಸಿಕೊಳ್ಳುತ್ತದೆ; ಟಿಕೆಟ್ಟು ಮಾರುವ ಹೊಣೆ ಅವರದು. ಎರಡು ಗಂಟೆಯ ಹೊತ್ತಿಗೆ ಲಾರಿ ಬಂದು ನಿಲ್ಲುತ್ತದೆ, ನಟರೇ ಮೊಳೆ ಹೊಡೆದು ರಂಗ ಕಟ್ಟುತ್ತಾರೆ, ಸಂಜೆ ಅವರೇ ರಾಜ, ಅವರೇ ಸೇವಕ. ರಾತ್ರಿ ಕಿತ್ತು ಕಟ್ಟಿ ಮಲಗಿದರೆ ಬೆಳಗ್ಗೆ ಇನ್ನೊಂದು ಊರು.

ಕಂಪನಿ ನಾಟಕದ ಮೊಕ್ಕಾಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಮೊಕ್ಕಾಂ ಹೂಡಿದ ಕಂಪನಿಗೆ ಐವತ್ತು ದಿನ ಜನ ಬರುವಷ್ಟು ದೊಡ್ಡ ಊರು ಬೇಕು, ಐವತ್ತು ದಿನ ಜನ ಬರುವಂತೆ ನಾಟಕದಲ್ಲಿ ಮಸಾಲೆಯೂ ಬೇಕು. ಮಸಾಲೆ ಹೆಚ್ಚಿಸುತ್ತ ಹೋಗಿ ಕೊನೆಗೆ ಮಸಾಲೆಯೇ ನಾಟಕವಾದ ಕಂಪನಿಗಳನ್ನು ನಾವು ಕಂಡಿದ್ದೇವೆ. ಒಂದು ರಾತ್ರಿ ಆಡಿ ಮುಂದೆ ಹೋಗುವವನಿಗೆ ಆ ಒತ್ತಡವಿಲ್ಲ. ಎರಡು ಸಾವಿರ ಜನಸಂಖ್ಯೆಯ ಊರಿನಲ್ಲಿ ನಾನೂರು ಜನ ಬಂದರೆ ಆ ದಿನ ಗೆದ್ದಂತೆ. ಹಾಗಾಗಿ ಬ್ರೆಕ್ಟನನ್ನೂ ಭಾಸನನ್ನೂ ಒಯ್ದರೂ ತಂಡ ಮುಳುಗುವುದಿಲ್ಲ. ಟಿಕೆಟ್ಟಿನ ದುಡ್ಡೊಂದರಿಂದಲೇ ಇದು ನಡೆದಿದೆ ಎಂದರೆ ಸುಳ್ಳಾಗುತ್ತದೆ. ಸರ್ಕಾರದ ಅನುದಾನವಿದೆ, ದಾನಿಗಳಿದ್ದಾರೆ, ಕಡಿಮೆ ಸಂಬಳಕ್ಕೆ ದುಡಿಯುವ ನಟರಿದ್ದಾರೆ. ಈ ಕೊನೆಯದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಆದರೆ ತಿರುಗಾಟದ ನಿಜವಾದ ಬಂಡವಾಳ ಅದೇ.

ಬಿ.ವಿ. ಕಾರಂತರು 1990ರ ದಶಕದಲ್ಲಿ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ನೀನಾಸಮ್‌ಗಾಗಿ ರಂಗಕ್ಕೆ ತಂದಾಗ, ಓದಲಷ್ಟೇ ಚೆಂದವೆಂದು ಎಲ್ಲರೂ ಬದಿಗಿಟ್ಟಿದ್ದ ಗೀತನಾಟಕ ಊರೂರಿನಲ್ಲಿ ಜನರನ್ನು ಹಿಡಿದು ಕೂರಿಸಿತು. ಕಾರಂತರ ಮಾತು ಬಂದಾಗ ಪಾಲಕರಿಗೆ ಒಂದು ವಿಷಯ ಹೇಳಬೇಕು. ಅವರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ಆಗ ನಾಟಕಕ್ಕೆ ಸೇರುವುದೆಂದರೆ ಓಡಿಹೋಗುವುದೇ. ಹೆಗ್ಗೋಡಿಗೆ ಈಗ ಜುಲೈ ತಿಂಗಳಲ್ಲಿ ಹೋದರೆ ಅಪ್ಪ ಅಮ್ಮಂದಿರೇ ಟ್ರಂಕು ಹಿಡಿದುಕೊಂಡು ಮಗನನ್ನೋ ಮಗಳನ್ನೋ ಬಿಡಲು ಬಂದದ್ದನ್ನು ಕಾಣಬಹುದು. ಅರ್ಧ ಶತಮಾನದಲ್ಲಿ ಆದ ಬದಲಾವಣೆ ಇದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಸಣ್ಣ ಮಾತಲ್ಲ.

ಮಕ್ಕಳನ್ನು ಕಳಿಸಬಹುದೇ?

ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತೀರಿ, ಆದ್ದರಿಂದ ಉತ್ತರಿಸಿಬಿಡುವುದು ಒಳ್ಳೆಯದು. ರಂಗಶಿಕ್ಷಣ ಕೇಂದ್ರದ್ದು ಒಂದು ವರ್ಷದ ಡಿಪ್ಲೊಮಾ. ಅಲ್ಲೇ ವಾಸ, ಅಲ್ಲೇ ಊಟ. ಪಾಠವೆಲ್ಲ ಕನ್ನಡದಲ್ಲಿ. ಗ್ರೀಕ್ ನಾಟಕದಿಂದ ಹಿಡಿದು ಯಕ್ಷಗಾನದ ಹೆಜ್ಜೆಯವರೆಗೆ, ಭರತನ ನಾಟ್ಯಶಾಸ್ತ್ರದಿಂದ ಬಡಗಿ ಕೆಲಸದವರೆಗೆ ಕಲಿಸುತ್ತಾರೆ. ಬೆಳಗ್ಗೆ ಬೇಗ ಏಳಬೇಕು, ಕಸ ಗುಡಿಸಬೇಕು, ರಾತ್ರಿ ತಾಲೀಮು ಮುಗಿಯುವ ಹೊತ್ತಿಗೆ ಹಾಸಿಗೆ ಕಂಡರೆ ಸಾಕೆನಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಹೆದರಿ ಹಿಂದೆ ಸರಿದ ರಾಯಚೂರಿನದೋ ಚಾಮರಾಜನಗರದದೋ ಹುಡುಗ ಇಲ್ಲಿ ಶೇಕ್ಸ್‌ಪಿಯರನ ಬಗ್ಗೆ ನಿರ್ಭಿಡೆಯಿಂದ ಮಾತಾಡುತ್ತಾನೆ. ಬೇರೆಲ್ಲೂ ಸಿಗದ ಭಾಗ್ಯ ಇದು ಎಂದೇ ನಾನು ತಿಳಿದಿದ್ದೇನೆ.

ಆಮೇಲೆ ಏನು? ಇಲ್ಲಿ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ ಎಂಬ ರಂಗಶಾಲೆ ಕಟ್ಟಿದರು. ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಅವರನ್ನು ಸಿನಿಮಾ ನೋಡುವ ಮಕ್ಕಳೆಲ್ಲ ಬಲ್ಲರು. ಇವರ ಹೆಸರುಗಳನ್ನು ಮುಂದಿಟ್ಟುಕೊಂಡು ಮಗನನ್ನು ಕಳಿಸುವ ಪಾಲಕರು ಸ್ವಲ್ಪ ತಡೆದು ಯೋಚಿಸುವುದು ಮೇಲು. ಹೊರಬಂದವರಲ್ಲಿ ಹೆಚ್ಚಿನವರು ತೆರೆಯ ಮೇಲೆ ಕಾಣುವುದಿಲ್ಲ. ಕೆಲವರು ತಿರುಗಾಟಕ್ಕೋ ರಂಗಾಯಣಕ್ಕೋ ಸೇರುತ್ತಾರೆ, ಕೆಲವರು ಶಾಲೆಗಳಲ್ಲಿ ನಾಟಕ ಶಿಕ್ಷಕರಾಗಿದ್ದಾರೆ, ಕೆಲವರು ತಮ್ಮ ಊರಿಗೆ ಮರಳಿ ಮಕ್ಕಳ ತಂಡ ಕಟ್ಟಿದ್ದಾರೆ, ಕೆಲವರು ಟಿ.ವಿ. ಧಾರಾವಾಹಿಗಳ ಕ್ಯಾಮರಾದ ಹಿಂದೆ ದುಡಿಯುತ್ತಾರೆ. ಬೇರೆ ಉದ್ಯೋಗ ಹಿಡಿದವರೂ ಉಂಟು. ಇಂಜಿನಿಯರಿಂಗ್ ಓದಿದವರೆಲ್ಲ ಇಂಜಿನಿಯರುಗಳಾಗಿಯೇ ಉಳಿದಿದ್ದಾರೆಯೇ ಎಂದು ತಿರುಗಿ ಕೇಳಬಹುದು; ಆದರೆ ಅದು ವಾದವಾಯಿತು. ಮನೆಯ ಖರ್ಚಿಗೆ ಮಗನ ಸಂಬಳವನ್ನೇ ನಂಬಿಕೊಂಡ ಕುಟುಂಬಕ್ಕೆ ಇದು ಸುಲಭದ ದಾರಿಯಲ್ಲ.

ಒಂದು ವರ್ಷವನ್ನು ಕೊಡಲಾಗದವರಿಗೆ ಅಕ್ಟೋಬರಿನ ಸಂಸ್ಕೃತಿ ಶಿಬಿರ ಇದೆ. ಬೆಳಗ್ಗೆಯೆಲ್ಲ ಉಪನ್ಯಾಸ, ಚರ್ಚೆ. ಸಂಜೆ ನಾಟಕ, ಸಂಗೀತ. ಅನಂತಮೂರ್ತಿಯವರು ಬದುಕಿದ್ದಷ್ಟು ಕಾಲ ಈ ಶಿಬಿರಗಳ ಜೀವಾಳವಾಗಿದ್ದರು. ಅವರೂ ಸುಬ್ಬಣ್ಣನವರೂ ಒಂದೇ ವರ್ಷ, 1932ರಲ್ಲಿ, ಇದೇ ಮಲೆನಾಡಿನಲ್ಲಿ ಹುಟ್ಟಿದವರು. ಕಾಲೇಜು ಮಕ್ಕಳು, ಮೇಷ್ಟರು, ಬ್ಯಾಂಕಿನವರು, ಗೃಹಿಣಿಯರು ಸಾಲಾಗಿ ಕುಳಿತು ದೊಡ್ಡ ವಿದ್ವಾಂಸರನ್ನು ನೇರವಾಗಿ ಪ್ರಶ್ನಿಸುವುದನ್ನು ನೋಡಲಿಕ್ಕಾದರೂ ಒಮ್ಮೆ ಹೋಗಬೇಕು.

ಸುಬ್ಬಣ್ಣನವರಿಗೆ 1991ರಲ್ಲಿ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆ ಎಂದು ದೆಹಲಿಯ ಪತ್ರಕರ್ತರು ನಕಾಶೆ ಹುಡುಕಬೇಕಾಯಿತೇನೋ. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು. ಒಬ್ಬರೇ ಕಟ್ಟಿದ ಸಂಸ್ಥೆಗಳು ಕಟ್ಟಿದವರೊಡನೆ ಹೋಗುತ್ತವೆ ಎಂಬ ಭಯ ಆಗ ಅನೇಕರಿಗಿತ್ತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ಇಂಗ್ಲೆಂಡಿನ ಲೀಡ್ಸ್‌ನಲ್ಲಿಯೂ ಕಲಿತು ಬಂದು ಹೆಗ್ಗೋಡಿನಲ್ಲೇ ನೆಲೆನಿಂತ ಮಗ ಕೆ.ವಿ. ಅಕ್ಷರ ಮತ್ತು ಸಂಗಡಿಗರು ಅದನ್ನು ಮುಂದುವರಿಸಿದರು. 2020ರಲ್ಲಿ ಕೊರೊನಾ ಬಂದು ನಾಡಿನ ರಂಗಮಂದಿರಗಳಿಗೆಲ್ಲ ಬೀಗ ಬಿದ್ದ ದಿನಗಳೂ ಕ��ೆದವು.

ನೀನಾಸಮ್‌ನಿಂದ ಬೀಜ ಹಾರಿಹೋಗಿ ಬೇರೆಡೆ ಬಿದ್ದದ್ದೂ ಇದೆ. ಸಾಣೇಹಳ್ಳಿಯ ಮಠ 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗು ತಂಡವನ್ನು ಹೊರಡಿಸಿತು. ಭೀಮನಕೋಣೆಯಲ್ಲಿ ನಾಟಕಕಾರ ಪ್ರಸನ್ನ ಅವರ ಮುಂದಾಳ್ತನದಲ್ಲಿ ‘ಚರಕ’ ಎಂಬ ಮಹಿಳೆಯರ ಕೈಮಗ್ಗದ ಸಹಕಾರ ಸಂಘ ಎದ್ದಿತು. ಹೊಸನಗರದ ರಾಮಚಂದ್ರಾಪುರ ಮಠದ ಹೆಸರಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದು ನಡೆದಿತ್ತು. ಆ ಹೆಸರಿನ ಮೇಳ ಈಗ ಇಲ್ಲ. ಎಲ್ಲ ಮೇಳಗಳೂ ಉಳಿಯುವುದಿಲ್ಲ.

ಹೋಗುವವರಿಗೆ: ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸೂ ಇದೆ, ತಾಳಗುಪ್ಪದ ರೈಲೂ ಇದೆ, ಎಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ. ಸಾಗರದಿಂದ ಹೆಗ್ಗೋಡಿಗೆ ಬಸ್ಸು, ಆಟೋ ಸಿಗುತ್ತವೆ. ಭೀಮನಕೋಣೆಯಲ್ಲಿ ಇಳಿದು ಮಗ್ಗದ ಸೀರೆ ನೋಡಿ ಮುಂದೆ ಹೋಗಬಹುದು. ಇಕ್ಕೇರಿಯ ಅಘೋರೇಶ್ವರನನ್ನು ಅದೇ ದಿನ ಬೆಳಗ್ಗೆ ಮುಗಿಸಿಕೊಳ್ಳಿ. ತೀರ್ಥಹಳ್ಳಿಗೆ ಹೋಗಿ ಕುಪ್ಪಳಿಯ ಕುವೆಂಪು ಮನೆ ನೋಡುವುದಾದರೆ ಇನ್ನೊಂದು ದಿನವೇ ಬೇಕು. ಕವಿಶೈಲದ ಬಂಡೆಯ ಮೇಲೆ ಕೂತವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ತಿರುಗಾಟದ ಹೊಸ ನಾಟಕಗಳನ್ನು ಹೆಗ್ಗೋಡಿನಲ್ಲೇ ನೋಡಬೇಕೆಂದರೆ ಅಕ್ಟೋಬರಿನಲ್ಲಿ ಹೋಗಿ, ಕೊಡೆ ಮರೆಯಬೇಡಿ, ಮಲೆನಾಡಿನ ಮಳೆ ಪಂಚಾಂಗ ನೋಡಿ ನಿಲ್ಲುವಂಥದಲ್ಲ. ಡಿಪ್ಲೊಮಾಕ್ಕೆ ಸೇರಬಯಸುವವರು ಬೇಸಿಗೆಯ ಕೊನೆಯಲ್ಲಿ ಪತ್ರಿಕೆಗಳ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ಸಂದರ್ಶನಕ್ಕೆ ಮಕ್ಕಳ ಜತೆ ಹೋಗುವ ಪಾಲಕರು ಅಂದೇ ಮರಳುವ ಆತುರ ಇಟ್ಟುಕೊಳ್ಳದೆ, ಆ ಸಂಜೆ ನಾಟಕವೋ ತಾಲೀಮೋ ಇದ್ದರೆ ಕೂತು ನೋಡಿ ಬರಬಹುದು.